ಪಕ್ಕದ ಸೀಟಿನಲ್ಲೂ ಪೈಲಟ್ ಇದ್ದಾಗ

ಪ್ರಶ್ನೆ: ನನಗೆ ಈಚೆಗೆ ಪ್ರೈವೇಟ್ ಪೈಲಟ್ ಲೈಸೆನ್ಸ್ ಬಂತು. ಕ್ಲಬ್ಬಿನಲ್ಲಿ ನನಗಿಂತ ಜಾಸ್ತಿ ಗಂಟೆ ಹಾರಿಸಿರುವ ಇಬ್ಬರು ಗೆಳೆಯರಿದ್ದಾರೆ. ರಜೆಯಲ್ಲಿ ಒಟ್ಟಿಗೆ ಹಾರೋಣ ಅಂತ ಕರೆಯುತ್ತಾರೆ. ಹೋಗಿ ಬಂದೆ, ತುಂಬಾ ಖುಷಿಯಾಯಿತು. ಆದರೆ ನಾನು ಹಾರಿಸುವಾಗ ಅವರು ಪಕ್ಕದಲ್ಲಿದ್ದರೆ ಪರೀಕ್ಷೆಗೆ ಕೂತ ಹಾಗೆ ಕೈ ಬಿಗಿಯಾಗುತ್ತದೆ. ಅವರು ಹಾರಿಸುವಾಗ ಏನೋ ಸರಿ ಇಲ್ಲ ಅನ್ನಿಸಿದರೆ ಹೇಳಬೇಕೋ ಬೇಡವೋ ಗೊತ್ತಾಗುವುದಿಲ್ಲ. ಒಬ್ಬೊಬ್ಬರದು ಒಂದೊಂದು ಪದ್ಧತಿ, ಯಾರಿಂದ ಏನು ಕಲಿಯಬೇಕು? ಖರ್ಚು ಹಂಚಿಕೊಳ್ಳಬಹುದಾ?

ಉತ್ತರ: ಅಭಿನಂದನೆ. ಹೋಗಿ. ಅವರು ಕರೆದಾಗ, ಹವಾಮಾನ ಚೆನ್ನಾಗಿದ್ದರೆ, ಖಂಡಿತ ಹೋಗಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಪ್ರೈವೇಟ್ ಲೈಸೆನ್ಸಿಗೆ ಅಂತಾರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಸಿಎಒ ಇಟ್ಟಿರುವ ಕನಿಷ್ಠ ಮಟ್ಟ 40 ಗಂಟೆ. ಮಾನ್ಯತೆ ಇರುವ ಕೋರ್ಸ್ ಆದರೆ 35. ಹೆಚ್ಚಿನವರಿಗೆ ಅದಕ್ಕಿಂತ ಜಾಸ್ತಿಯೇ ಬೇಕಾಗುತ್ತದೆ. ಆ ಗಂಟೆಗಳಲ್ಲಿ ಯಾವ ದಿನ ಹಾರಬೇಕು, ಯಾವ ಪಾಠ ಆಗಬೇಕು, ಯಾವ ಗಾಳಿಗೆ ಬೇಡ ಅನ್ನಬೇಕು, ಎಲ್ಲವನ್ನೂ ಇನ್‌ಸ್ಟ್ರಕ್ಟರ್ ತೀರ್ಮಾನ ಮಾಡಿರುತ್ತಾರೆ. ಲೈಸೆನ್ಸ್ ಕೈಗೆ ಬಂದ ಮಾರನೇ ದಿನದಿಂದ ಮುಂದಿನ ಪಾಠ ಅನ್ನುವುದೇ ಇರುವುದಿಲ್ಲ. ಅದೇ ರನ್‌ವೇ, ಅದರ ಸುತ್ತ ಹಾರುವ ಅದೇ ಸರ್ಕ್ಯೂಟ್, ಅದೇ ಗುರುತಿನ ಕೆರೆ. ಕೆಲವು ತಿಂಗಳಲ್ಲಿ ಬೇಸರ ಬರುತ್ತದೆ, ಹಾರಾಟ ಕಡಿಮೆಯಾಗುತ್ತದೆ, ಕೈ ತಪ್ಪುತ್ತದೆ, ಕೈ ತಪ್ಪಿದ್ದಕ್ಕೆ ಭಯ ಸೇರಿಕೊಳ್ಳುತ್ತದೆ. ಒಳ್ಳೆಯ ಪೈಲಟ್‌ಗಳು ಹೀಗೇ ಹಾರುವುದನ್ನು ಬಿಟ್ಟದ್ದನ್ನು ನಾನು ನೋಡಿದ್ದೇನೆ. ಅದು ನನಗೆ ನಿಜವಾಗಿ ಬೇಸರ ತರುವ ವಿಷಯ. ಹಾರುವ ಗೆಳೆಯರಿದ್ದರೆ ಹೋಗುವುದಕ್ಕೆ ಒಂದು ಜಾಗ ಇರುತ್ತದೆ, ಬೆಳಿಗ್ಗೆ ಎದ್ದು ಹವಾಮಾನ ನೋಡುವುದಕ್ಕೆ ಒಂದು ನೆಪ ಇರುತ್ತದೆ.

ನಿಮ್ಮ ಅರ್ಧ ತೊಂದರೆ ಒಂದೇ ಕಡೆಯಿಂದ ಬರುತ್ತಿದೆ ಅಂತ ನನಗನ್ನಿಸುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ನೀವು ಯಾರೂ ಈ ಪ್ರಶ್ನೆ ಕೇಳಿಕೊಂಡಿಲ್ಲ: ಇವತ್ತು ಪಿಐಸಿ, ಅಂದರೆ ಹಾರಾಟದ ಹೊಣೆ ಹೊತ್ತ ಪೈಲಟ್ ಇನ್ ಕಮಾಂಡ್, ಯಾರು?

ವಿಮಾನದಲ್ಲಿ ಎಷ್ಟು ಜನ ಪೈಲಟ್‌ಗಳು ಬೇಕಾದರೂ ಇರಬಹುದು, ಪೈಲಟ್ ಇನ್ ಕಮಾಂಡ್ ಒಬ್ಬರೇ. ಇದನ್ನು ಮುಖ ನೋಡಿಕೊಂಡು ಬಾಯಿಬಿಟ್ಟು ಹೇಳಬೇಕು. ಗೆಳೆಯರ ಮಧ್ಯೆ ಇದನ್ನು ಕೇಳುವುದು ಮುಜುಗರ ಅನ್ನಿಸುತ್ತದೆ, ಹಾಗಾಗಿ ಕೇಳದೆ ಬಿಡುತ್ತಾರೆ. ಆಮೇಲೆ ಎಡಗಡೆ ಕೂತವರು ‘ಇವರಿಗೆ ಜಾಸ್ತಿ ಅನುಭವ, ಏನಾದರೂ ಆದರೆ ಇವರೇ ನೋಡಿಕೊಳ್ಳುತ್ತಾರೆ’ ಅಂದುಕೊಳ್ಳುತ್ತಾರೆ. ಬಲಗಡೆ ಕೂತವರು ‘ಇವರು ಪಿಐಸಿ, ನಾನ್ಯಾಕೆ ಮಧ್ಯೆ ಬಾಯಿ ಹಾಕಲಿ’ ಅಂದುಕೊಳ್ಳುತ್ತಾರೆ. ಇಬ್ಬರು ಪೈಲಟ್‌ಗಳಿದ್ದೂ ವಿಮಾನಕ್ಕೆ ಯಜಮಾನ ಇಲ್ಲ. ಒಬ್ಬರೇ ಹೋಗುವಾಗ ಇಂಧನದ ಮುಚ್ಚಳವನ್ನು ತಾನೇ ತಿರುಗಿಸಿ ನೋಡುವ ಮನುಷ್ಯ, ಇಬ್ಬರಿದ್ದಾಗ ಮಾತಾಡುತ್ತಾ ರೆಕ್ಕೆ ಸುತ್ತಿ ಬಂದುಬಿಡುತ್ತಾನೆ. ಇನ್ನೊಬ್ಬ ನೋಡಿರುತ್ತಾನೆ ಅನ್ನುವ ನಂಬಿಕೆ. ಆ ಇನ್ನೊಬ್ಬನದೂ ಅದೇ ನಂಬಿಕೆ. ಪ್ರೀಫ್ಲೈಟ್, ಅಂದರೆ ಹಾರುವ ಮೊದಲಿನ ತಪಾಸಣೆ, ಪಿಐಸಿ ಮಾಡಬೇಕು, ಮಾತಿಲ್ಲದೆ ಮಾಡಬೇಕು. ಟ್ಯಾಂಕಿಗೆ ಡಿಪ್‌ಸ್ಟಿಕ್ ಇಳಿಸಿ ಕಣ್ಣಾರೆ ನೋಡಬೇಕು. ಗೆಳೆಯರಿಗೆ ನೋಡುವ ಆಸೆ ಇದ್ದರೆ ಅವರು ಎರಡನೇ ಸಲ ಬೇರೆಯಾಗಿ ಸುತ್ತಿ ಬರಲಿ.

ಸೀಟಿಗೆ ಕೂತ ಮೇಲೆ ಪಿಐಸಿ ಇನ್ನೊಂದು ಮಾತು ಹೇಳಬೇಕು. “ಎಂಜಿನ್ ನಿಂತರೆ ನಾನೇ ಹಾರಿಸುತ್ತೇನೆ. ನೀವು ಚೆಕ್‌ಲಿಸ್ಟ್ ಓದಿ, ಮೇಡೇ (ತುರ್ತು ಕರೆ) ಕೊಡಿ. ನೀವು ಕಂಟ್ರೋಲ್ ತಗೋಬೇಕು ಅನ್ನಿಸಿದರೆ ನಾನೇ ಕೇಳುತ್ತೇನೆ.” ಅಷ್ಟು ಸಾಕು. ಅರ್ಧ ನಿಮಿಷದ ಕೆಲಸ. ಕಂಟ್ರೋಲ್ ಕೊಡುವಾಗ “ಯು ಹ್ಯಾವ್ ಕಂಟ್ರೋಲ್”, ತಗೊಂಡವರು “ಐ ಹ್ಯಾವ್ ಕಂಟ್ರೋಲ್”, ಕೊಟ್ಟವರು ಮತ್ತೆ “ಯು ಹ್ಯಾವ್ ಕಂಟ್ರೋಲ್”. ತರಬೇತಿಯಲ್ಲಿ ಮಾಡಿದ್ದೇ, ಗೆಳೆಯರ ಜೊತೆಗೂ ಅದೇ. ‘ಸ್ವಲ್ಪ ಹಿಡ್ಕೋ, ಮ್ಯಾಪ್ ನೋಡ್ತೀನಿ’ ಅನ್ನುವುದು ಬೇಡ. ಹಾಗೆ ಅಂದ ಮೇಲೆ ಯಾರ ಕೈಯಲ್ಲಿದೆ ಅಂತ ಇಬ್ಬರಿಗೂ ಗೊತ್ತಿರದ ಕ್ಷಣ ಒಂದು ಬಂದೇ ಬರುತ್ತದೆ. ರಡ್ಡರ್ (ಮೂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುವ) ಪೆಡಲ್‌ಗಳ ಮೇಲೆ ನಾಲ್ಕು ಕಾಲು ಇರುವುದೂ ಆಗಲೇ.

ಸೀಟಿನ ವಿಷಯ ಬಂದದ್ದಕ್ಕೆ ಇದನ್ನೂ ಹೇಳುತ್ತೇನೆ, ಯಾಕೆಂದರೆ ಹೊಸಬರಿಗೆ ಇದನ್ನು ಯಾರೂ ಹೇಳುವುದಿಲ್ಲ. ಬಲಗಡೆ ಸೀಟು ಅಂದರೆ ಎಡಗಡೆಯದೇ ಇನ್ನೊಂದು ಪ್ರತಿ ಅಲ್ಲ. ಪೈಪರ್ ಪಿಎ-28 ಅನ್ನುವ ಸಣ್ಣ ವಿಮಾನ ತಗೊಳ್ಳಿ. ಬಾಗಿಲು ಒಂದೇ, ಅದು ಬಲಗಡೆ ರೆಕ್ಕೆಯ ಮೇಲೆ. ಪಿಐಸಿ ಮೊದಲು ಹತ್ತಿ ಒಳಗೆ ಸರಿಯಬೇಕು, ಬಲಗಡೆಯವರು ಆಮೇಲೆ ಹತ್ತಿ ಬಾಗಿಲು ಹಾಕಬೇಕು. ಅಂದರೆ ಬಾಗಿಲಿನ ಮೇಲಿನ ಚಿಲಕವನ್ನೂ ಪಕ್ಕದ ಚಿಲಕವನ್ನೂ ಹಾಕುವುದು, ತುರ್ತು ಇಳಿಕೆಯಲ್ಲಿ ತೆಗೆಯುವುದು ಬಲಗಡೆ ಕೂತವರ ಕೆಲಸ. ಹಾಗೇ ಇಂಧನದ ಸೆಲೆಕ್ಟರ್ ಇರುವುದು ಎಡಗೋಡೆಯಲ್ಲಿ, ಎಡಗಡೆ ಕೂತವರ ಕಾಲಿನ ಪಕ್ಕ. ಅದರಲ್ಲಿ ಎಡ, ಬಲ, ಆಫ್ ಅಷ್ಟೇ. ಎರಡೂ ಟ್ಯಾಂಕಿನಿಂದ ಒಟ್ಟಿಗೆ ಎಳೆಯುವ ಸ್ಥಾನ ಸೆಸ್ನಾ 172ರಲ್ಲಿ ಇದೆ, ಇದರಲ್ಲಿ ಇಲ್ಲ. ಹಾರುತ್ತಾ ಆಗಾಗ ಟ್ಯಾಂಕ್ ಬದಲಿಸಬೇಕು. ಬಲಗಡೆ ಕೂತ ನಿಮಗೆ ಅದು ಕೈಗೆ ಎಟುಕುವುದಿಲ್ಲ, ಸರಿಯಾಗಿ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಗಡಿಯಾರ ನೋಡಿಕೊಂಡು “ಅರ್ಧ ಗಂಟೆ ಆಯ್ತು, ಟ್ಯಾಂಕ್” ಅಂತ ಹೇಳುವ ಕೆಲಸ ನೀವು ಕೇಳಿ ತಗೊಳ್ಳಿ. ಕೆಲವು ಹಳೆಯ ವಿಮಾನಗಳಲ್ಲಿ ಬಲಗಡೆ ಪೆಡಲ್‌ಗೆ ಬ್ರೇಕೇ ಇರುವುದಿಲ್ಲ. ಬಲಗಡೆಯಿಂದ ಮೂಗಿನ ಗೆರೆಯೂ ಬೇರೆ ಥರ ಕಾಣುತ್ತದೆ. ಅಲ್ಲಿಂದ ಲ್ಯಾಂಡ್ ಮಾಡುವ ಆಸೆ ಇದ್ದರೆ ಇನ್‌ಸ್ಟ್ರಕ್ಟರ್ ಜೊತೆ ಮಾಡಿ, ಗೆಳೆಯರ ಜೊತೆ ಬೇಡ.

ಈಗ ಬಿಗಿಯಾಗುವ ಕೈ.

ಪಕ್ಕದಲ್ಲಿ ಸುಮ್ನೆ ಕೂತು ನೋಡುವ ಪೈಲಟ್ ಇದ್ದರೆ ಯಾರಿಗೂ ಸ್ವಲ್ಪ ಬಿಗಿಯಾಗುತ್ತದೆ. ಅನುಭವ ಇರುವವರಿಗೂ. ನಿಮ್ಮ ಗಮನದ ಒಂದು ಪಾಲು ಏರ್‌ಸ್ಪೀಡಿನಿಂದ ಜಾರಿ ಅವರ ಮುಖದ ಕಡೆ ಹೋಗುತ್ತದೆ, ತೊಂದರೆ ಅದೇ. ಅದಕ್ಕೆ ನಾನು ಕಂಡ ಒಳ್ಳೆಯ ಉಪಾಯ ಅಂದರೆ ಅವರಿಗೆ ಕೆಲಸ ಕೊಡುವುದು. ಸರ್ಕ್ಯೂಟಿನಲ್ಲಿ ಬೇರೆ ವಿಮಾನ ಹುಡುಕಿ ಅನ್ನಿ. ಆಕಾಶದಲ್ಲಿ ಡಿಕ್ಕಿಗಳು ಹೆಚ್ಚಾಗಿ ಆಗುವುದು ಏರ್‌ಫೀಲ್ಡಿನ ಹತ್ತಿರವೇ, ಹಗಲು ಹೊತ್ತು, ಚೆನ್ನಾಗಿ ಕಾಣುವ ಹವಾಮಾನದಲ್ಲಿ. ಹಾಗಾಗಿ ಇದು ನಿಜವಾದ ಕೆಲಸ, ಸುಮ್ನೆ ಹೆಸರಿಗೆ ಕೊಡುವುದಲ್ಲ. ಲ್ಯಾಂಡಿಂಗ್ ಚೆಕ್‌ಲಿಸ್ಟ್ ಅವರು ಓದಲಿ, ನೀವು ಉತ್ತರ ಹೇಳಿ. ಹೊರಗೆ ನೋಡುವ ಕೆಲಸ ಇರುವವರು ನಿಮ್ಮನ್ನು ನೋಡುತ್ತಾ ಕೂರುವುದಿಲ್ಲ.

ಮಾತಿನ ಬಗ್ಗೆಯೂ ಒಂದು ಕಟ್ಟುಪಾಡು ಇರಲಿ. ಏರ್‌ಲೈನ್ ವಿಮಾನಗಳಿಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 1981ರಲ್ಲಿ ಒಂದು ನಿಯಮ ತಂದಿತು. ಟ್ಯಾಕ್ಸಿ, ಟೇಕಾಫ್, ಲ್ಯಾಂಡಿಂಗ್ ಹೊತ್ತಲ್ಲಿ, ಮತ್ತು ಕ್ರೂಸ್ (ಒಂದೇ ಎತ್ತರದ ನೇರ ಹಾರಾಟ) ಬಿಟ್ಟು 10,000 ಅಡಿಗಿಂತ ಕೆಳಗೆ ಇರುವಾಗ, ಕಾಕ್‌ಪಿಟ್‌ನಲ್ಲಿ ಹಾರಾಟಕ್ಕೆ ಸಂಬಂಧ ಇಲ್ಲದ ಮಾತು ಬೇಡ ಅಂತ. ನಮ್ಮ ಸಣ್ಣ ವಿಮಾನಗಳು ಆ ಎತ್ತರಕ್ಕೆ ಹೋಗುವುದೇ ಅಪರೂಪ. ಹಾಗಾಗಿ ನಮಗೆ ಹೊಂದುವ ಗೆರೆ ನಾವೇ ಹಾಕಿಕೊಳ್ಳಬೇಕು. ಎಂಜಿನ್ ಸ್ಟಾರ್ಟಿನಿಂದ ಸರ್ಕ್ಯೂಟ್ ಬಿಟ್ಟು ಲೆವೆಲ್ ಆಗುವವರೆಗೆ, ಮತ್ತೆ ಇಳಿಯುವ ಜಾಗಕ್ಕೆ ಹತ್ತು ಮೈಲಿ ಇರುವಾಗಿನಿಂದ ಎಂಜಿನ್ ಆಫ್ ಆಗುವವರೆಗೆ ಹರಟೆ ಇಲ್ಲ. ಸುರಕ್ಷತೆಯ ಮಾತಿಗೆ ಯಾವತ್ತೂ ಅಡ್ಡಿ ಇಲ್ಲ. ಮಧ್ಯದಲ್ಲಿ ಕ್ರೂಸ್ ಇದೆಯಲ್ಲ, ಆಗ ಎಷ್ಟು ಬೇಕಾದರೂ ಮಾತಾಡಿ. ಆ ಮಾತಿಗೋಸ್ಕರವೇ ಅಲ್ವಾ ಒಟ್ಟಿಗೆ ಹೋಗುವುದು?

ಇನ್ನೊಂದು ವಿಷಯ. ಗೋ-ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು, ಗೆಳೆಯರ ಎದುರು ಮಾಡುವುದಕ್ಕೆ ನಾಚಿಕೆ ಪಡಬೇಡಿ. ನನ್ನ ಲೆಕ್ಕದಲ್ಲಿ ಹೊಸ ಪೈಲಟ್ ಗೆಳೆಯರ ಮುಂದೆ ಮಾಡುವ ಮೊದಲ ಗೋ-ಅರೌಂಡ್ ಅವರ ಮುಂದೆ ಮಾಡುವ ಮೊದಲ ಒಳ್ಳೆಯ ಲ್ಯಾಂಡಿಂಗಿಗಿಂತ ದೊಡ್ಡದು. ಅಪ್ರೋಚ್ ಸರಿ ಬರಲಿಲ್ಲ ಅಂದರೆ ಪೂರ್ತಿ ಪವರ್ ಕೊಟ್ಟು ಮೇಲೆ ಹೋಗಿ. ಕಾರಣ ಹೇಳುವುದನ್ನು ನೆಲಕ್ಕೆ ಬಂದ ಮೇಲೆ ನೋಡಿಕೊಳ್ಳೋಣ.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ‘ಹೇಳಬೇಕೋ ಬೇಡವೋ’ ಅನ್ನುವ ಸಾಲು. ಹೇಳಬೇಕು. ಯಾವಾಗಲೂ ಹೇಳಬೇಕು. ಹೇಗೆ ಹೇಳಬೇಕು ಅನ್ನುವುದನ್ನು ಮಾತ್ರ ಕಲಿಯಬೇಕು.

1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಹತ್ತಿರ ಯುನೈಟೆಡ್ ಏರ್‌ಲೈನ್ಸಿನ ಒಂದು ಡಿಸಿ-8 ಬಿತ್ತು. ಫ್ಲೈಟ್ 173. ಲ್ಯಾಂಡಿಂಗ್ ಗೇರ್ ಸರಿಯಾಗಿ ಇಳಿದಿದೆಯೋ ಇಲ್ಲವೋ ಅನ್ನುವ ಅನುಮಾನ ಬಂದಿತ್ತು. ಕ್ಯಾಪ್ಟನ್ ಅದರಲ್ಲೇ ಮುಳುಗಿ ಸುಮಾರು ಒಂದು ಗಂಟೆ ಸುತ್ತುತ್ತಾ ಇದ್ದರು. ಇಂಧನ ಇಳಿಯುತ್ತಿದ್ದದ್ದು ಉಳಿದವರಿಗೆ ಕಾಣುತ್ತಿತ್ತು. ಅದರ ಮಾತೂ ಬಂತು, ಆದರೆ ಮೆತ್ತಗೆ, ಸುತ್ತಿ ಬಳಸಿ ಬಂತು. ಇಂಧನ ಮುಗಿಯುತ್ತಿದೆ, ಈಗಲೇ ಇಳಿಯಲೇಬೇಕು ಅಂತ ಸಮಯ ಇರುವಾಗ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ನಾಲ್ಕೂ ಎಂಜಿನ್ ನಿಂತವು. ವಿಮಾನದಲ್ಲಿದ್ದ 189 ಜನರಲ್ಲಿ 10 ಜನ ತೀರಿಕೊಂಡರು. ಕ್ಯಾಪ್ಟನ್ ಎಲ್ಲರ ಮಾತು ಕೇಳುವುದನ್ನು, ಉಳಿದವರು ಧೈರ್ಯವಾಗಿ ಹೇಳುವುದನ್ನು ಪಾಠ ಮಾಡಿ ಕಲಿಸಬೇಕು ಅಂತ ತನಿಖೆ ಮಾಡಿದವರು ಶಿಫಾರಸು ಮಾಡಿದರು. ಇವತ್ತು ಸಿಆರ್‌ಎಂ (ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್) ಅಂತ ಎಲ್ಲ ಏರ್‌ಲೈನ್‌ಗಳಲ್ಲಿ ಕಲಿಸುವ ತರಬೇತಿ ಬೆಳೆದದ್ದಕ್ಕೆ ಈ ಅಪಘಾತವೂ ಒಂದು ದೊಡ್ಡ ಕಾರಣ. ಅವರು ಸಂಬಳಕ್ಕೆ ಹಾರುವ ವೃತ್ತಿಯವರು. ಅವರಿಗೇ ಹಿರಿಯರ ಎದುರು ಮಾತು ಕಟ್ಟುತ್ತದೆ ಅಂದಮೇಲೆ ಕ್ಲಬ್ಬಿನ ಗೆಳೆಯರ ಮಧ್ಯೆ ನಿಮಗೆ ಕಟ್ಟುವುದು ಸಹಜ.

ಹಾಗಾದರೆ ಹೇಗೆ ಹೇಳುವುದು? ಅಭಿಪ್ರಾಯ ಹೇಳಬೇಡಿ, ಕಂಡದ್ದನ್ನು ಹೇಳಿ. ಸಾಧ್ಯವಾದರೆ ಅಂಕಿಯಲ್ಲಿ ಹೇಳಿ.

ಒಂದು ಸಂದರ್ಭ ನೋಡೋಣ. ನಿಮ್ಮ ಗೆಳೆಯರು ಸೆಸ್ನಾ 172 ಹಾರಿಸುತ್ತಿದ್ದಾರೆ. ರನ್‌ವೇಗೆ ಅಡ್ಡವಾಗಿ ಬರುವ ಬೇಸ್ ಲೆಗ್‌ನಲ್ಲಿ ಹಿಂದಿನಿಂದ ಗಾಳಿ ತಳ್ಳುತ್ತಿದೆ, ಹಾಗಾಗಿ ಫೈನಲ್‌ಗೆ, ಅಂದರೆ ರನ್‌ವೇಗೆ ನೇರವಾದ ಕೊನೆಯ ಹಾದಿಗೆ, ತಿರುಗುವುದು ತಡವಾಯಿತು. ರನ್‌ವೇ ಗೆರೆ ದಾಟಿ ಹೋಗುತ್ತಿದೆ. ಅವರು ಬ್ಯಾಂಕ್ (ವಿಮಾನದ ವಾಲು) ಜಾಸ್ತಿ ಮಾಡುತ್ತಾರೆ. ಅದೂ ಸಾಲದು ಅಂತ ಒಳಗಡೆಯ ರಡ್ಡರ್ ಒತ್ತುತ್ತಾರೆ. ಮೂಗು ಕೆಳಗೆ ಹೋಗುತ್ತದೆ, ಯೋಕ್ (ಕೈಯಲ್ಲಿ ಹಿಡಿಯುವ ಕಂಟ್ರೋಲ್) ಹಿಂದಕ್ಕೆ ಎಳೆಯುತ್ತಾರೆ. 65 ನಾಟ್ ಇದ್ದ ಸ್ಪೀಡ್ 60 ಆಯಿತು, 57 ಆಯಿತು. ಎತ್ತರ ಕಾಪಾಡಿಕೊಂಡು 45 ಡಿಗ್ರಿ ಬ್ಯಾಂಕಿನಲ್ಲಿ ತಿರುಗಿದರೆ ಸ್ಟಾಲ್ ಸ್ಪೀಡ್, ಅಂದರೆ ಯಾವುದಕ್ಕಿಂತ ಕಡಿಮೆಯಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದೋ ಆ ಸ್ಪೀಡ್, ಸುಮಾರು 19 ಶೇಕಡಾ ಏರುತ್ತದೆ, 60 ಡಿಗ್ರಿಯಲ್ಲಿ 41 ಶೇಕಡಾ. ಹೀಗೆ ರಡ್ಡರ್ ಜಾಸ್ತಿಯಾಗಿ ಸ್ಕಿಡ್ ಆಗುತ್ತಾ (ಪಕ್ಕಕ್ಕೆ ಜಾರುತ್ತಾ) ಸ್ಟಾಲ್ ಆದರೆ ವಿಮಾನ ಒಳರೆಕ್ಕೆಯ ಕಡೆಗೆ ಮಗುಚಿ ಸ್ಪಿನ್‌ಗೆ, ಅಂದರೆ ಗಿರಗಿರ ಸುತ್ತುತ್ತಾ ಬೀಳುವುದಕ್ಕೆ, ಹೋಗುತ್ತದೆ. ಆ ಎತ್ತರದಿಂದ ಸ್ಪಿನ್ ಬಿಡಿಸಿಕೊಳ್ಳುವುದಕ್ಕೆ ಜಾಗ ಇಲ್ಲ.

ಆಗ ‘ನೀವು ಸ್ವಲ್ಪ ಜಾಸ್ತಿ ತಿರುಗಿಸ್ತಿದ್ದೀರಾ ಅನ್ಸುತ್ತೆ’ ಅಂದರೆ ಅದು ವಾದಕ್ಕೆ ಕರೆದ ಹಾಗೆ. “ಸ್ಪೀಡ್ 57” ಅನ್ನಿ. ಅಷ್ಟೇ. ಅದರಲ್ಲಿ ಯಾರ ಮೇಲೂ ಆರೋಪ ಇಲ್ಲ. ಕೈ ತಾನಾಗಿ ಸಡಿಲವಾಗುತ್ತದೆ. ಉತ್ತರ ಬರಲಿಲ್ಲ, ಸ್ಪೀಡೂ ಏರಲಿಲ್ಲ ಅಂದರೆ ಗಟ್ಟಿಯಾಗಿ “ಗೋ ಅರೌಂಡ್” ಅನ್ನಿ. ಗೋ-ಅರೌಂಡ್ ಅಂತ ಯಾರು ಕೂಗಿದರೂ ಮಾಡಲೇಬೇಕು, ಪ್ರಶ್ನೆ ಕೇಳುವ ಹಾಗಿಲ್ಲ ಅನ್ನುವುದನ್ನು ನೆಲದ ಮೇಲೆ ಇರುವಾಗಲೇ ಒಪ್ಪಿಕೊಂಡಿರಬೇಕು. ಈ ಒಪ್ಪಂದಕ್ಕೆ ಬರದ ಗೆಳೆಯರ ಜೊತೆ ನಾನಾದರೆ ಹಾರುವುದಿಲ್ಲ.

ನೀವು ಎಡಗಡೆ ಇರುವಾಗಲೂ ಇದೇ ನಿಯಮ. ಯಾರಾದರೂ “ಸ್ಪೀಡ್” ಅಂದರೆ “ಗೊತ್ತು” ಅನ್ನಬೇಡಿ. “ಸರಿ ಮಾಡ್ತಿದ್ದೀನಿ” ಅನ್ನಿ, ಸರಿ ಮಾಡಿ. ಇಳಿದ ಮೇಲೆ ಥ್ಯಾಂಕ್ಸ್ ಹೇಳಿ. ಮುಂದಿನ ಸಲ ಅವರು ಬಾಯಿ ತೆಗೆಯುವುದೋ ಇಲ್ಲವೋ ಅನ್ನುವುದು ನಿಮ್ಮ ಆ ಒಂದು ಮಾತಿನ ಮೇಲೆ ನಿಂತಿದೆ.

ಯಾರಿಂದ ಏನು ಕಲಿಯಬೇಕು ಅಂತ ಕೇಳಿದ್ದೀರಿ. ಗೆಳೆಯರಿಂದ ಕಲಿಯುವುದು ಬೇಕಾದಷ್ಟಿದೆ, ಇನ್‌ಸ್ಟ್ರಕ್ಟರ್‌ಗಳು ಕಲಿಸಲು ಸಮಯ ಸಿಗದವು. ದೂರದ ಏರ್‌ಫೀಲ್ಡಿಗೆ ಮೊದಲೇ ಫೋನ್ ಮಾಡಿ ಕೇಳುವುದು, ಗೊತ್ತಿಲ್ಲದ ಜಾಗದಲ್ಲಿ ರೇಡಿಯೋದಲ್ಲಿ ಚುಟುಕಾಗಿ ಮಾತಾಡುವುದು, ಉದ್ದದ ಕ್ರೂಸಿನಲ್ಲಿ ಮಿಕ್ಸ್‌ಚರ್ ಲೀನ್ ಮಾಡುವುದು (ಎಂಜಿನ್ನಿಗೆ ಹೋಗುವ ಇಂಧನದ ಪಾಲು ಕಡಿಮೆ ಮಾಡುವುದು), ಸಂಜೆಯ ಮೋಡ ಎಷ್ಟು ಹೊತ್ತಿಗೆ ಎದ್ದೀತು ಅಂತ ಅಂದಾಜು ಮಾಡುವುದು, ರಾತ್ರಿ ಗಾಳಿಗೆ ಅಲುಗದ ಹಾಗೆ ವಿಮಾನ ಕಟ್ಟುವುದು. ಪಕ್ಕದಲ್ಲಿ ಕೂತು ನೋಡಿದರೆ ಬರುವ ವಿದ್ಯೆಗಳಿವು.

ಪದ್ಧತಿಗಳು ಬೇರೆ ಬೇರೆ ಕಂಡರೆ ನನ್ನ ಅಳತೆಗೋಲು ಸರಳ. “ಇದನ್ನು ಯಾಕೆ ಹೀಗೆ ಮಾಡುತ್ತೀರಿ?” ಅಂತ ಕೇಳಿ. ಉತ್ತರ ಆ ವಿಮಾನದ ಹ್ಯಾಂಡ್‌ಬುಕ್ಕಿನಲ್ಲಿ ಸಿಕ್ಕಿದರೆ ಕಲಿಯಿರಿ. ‘ನಾನು ಮೊದಲಿಂದ ಹೀಗೇ, ಏನೂ ಆಗಿಲ್ಲ’ ಅನ್ನುವುದೇ ಉತ್ತರ ಆದರೆ ಬಿಟ್ಟುಬಿಡಿ. ಅವರಿಗೆ ಎಷ್ಟೇ ಗಂಟೆ ಇರಲಿ. ಚೆಕ್‌ಲಿಸ್ಟ್ ಇಲ್ಲದೆ ಬಾಯಿಪಾಠದಲ್ಲಿ ಮಾಡುವುದು, ಮನೆಯವರಿಗೆ ತೋರಿಸಲು ಕೆಳಗೆ ಹಾರುವುದು, ಇಂಧನವನ್ನು ಅಂಚಿಗೆ ತಂದು ಇಳಿಯುವುದು, ಇವನ್ನು ಎಷ್ಟು ಒಳ್ಳೆಯವರು ಮಾಡಿದರೂ ನೀವು ಮಾಡಬೇಡಿ.

ಎರಡು ವಿಮಾನಗಳಲ್ಲಿ ಹೋಗುವುದಾದರೆ ಫೋಟೋಗೋಸ್ಕರ ಹತ್ತಿರ ಬರಬೇಡಿ. ಫಾರ್ಮೇಷನ್ ಹಾರಾಟ ಬೇರೆಯದೇ ತರಬೇತಿ. ಬೇರೆ ಬೇರೆ ಹೊತ್ತಿಗೆ ಹೊರಡಿ, ಬೇರೆ ಎತ್ತರ ಇಟ್ಟುಕೊಳ್ಳಿ.

ನಾಲ್ಕು ಜನ ಹೋಗೋಣ ಅನ್ನುವ ಆಸೆ ಬೇಗ ಬರುತ್ತದೆ, ನಾಲ್ಕು ಸೀಟಿದೆಯಲ್ಲ ಅಂತ. ಸೆಸ್ನಾ 172ಎಸ್‌ನ ಗರಿಷ್ಠ ಟೇಕಾಫ್ ತೂಕ 1,157 ಕೆಜಿ. ಖಾಲಿ ವಿಮಾನವೇ 760 ಕೆಜಿ ಆಸುಪಾಸು. ಟ್ಯಾಂಕ್ ತುಂಬಿದರೆ ಸುಮಾರು 200 ಲೀಟರ್ ಅವ್‌ಗ್ಯಾಸ್, ಅಂದರೆ 144 ಕೆಜಿ. ಉಳಿಯುವುದು ಸುಮಾರು 250 ಕೆಜಿ. 75 ಕೆಜಿಯ ನಾಲ್ವರು ಕೂತರೆ 300. ಒಬ್ಬರು ಇಳಿಯಬೇಕು, ಇಲ್ಲಾ ಇಂಧನ ಕಡಿಮೆ ಹಾಕಿ ಮಧ್ಯೆ ಎಲ್ಲಾದರೂ ಇಳಿಯಬೇಕು. ಬಿಸಿಲಿನ ದಿನ, ಎತ್ತರದ ಜಾಗ ಆದರೆ ತೂಕ ಮಿತಿಯೊಳಗಿದ್ದರೂ ರನ್‌ವೇ ಸಾಲದೆ ಹೋಗಬಹುದು. ಟೇಕಾಫ್ ದೂರದ ಕೋಷ್ಟಕ ತೆಗೆದು ನೋಡಿ.

ಹವಾಮಾನದ ವಿಷಯದಲ್ಲಿ ಗುಂಪು ಒಬ್ಬ ಮನುಷ್ಯನಿಗಿಂತ ಕೆಟ್ಟ ತೀರ್ಮಾನ ತಗೊಳ್ಳಬಲ್ಲದು. ಎಲ್ಲರಿಗೂ ಒಳಗೊಳಗೆ ಅನುಮಾನ ಇರುತ್ತದೆ, ಯಾರೂ ಮೊದಲು ಹೇಳುವುದಿಲ್ಲ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ಇನ್‌ಸ್ಟ್ರುಮೆಂಟ್ ತರಬೇತಿ (ಮೀಟರುಗಳನ್ನು ಮಾತ್ರ ನೋಡಿ ಹಾರಿಸುವ ತರಬೇತಿ) ಇಲ್ಲದ 20 ಪೈಲಟ್‌ಗಳನ್ನು, ಹೊರಗಿನದು ಏನೂ ಕಾಣದ ಹಾಗೆ ಮಾಡಿ ಹಾರಿಸಲು ಬಿಟ್ಟರು. ವಿಮಾನ ಅವರ ಹಿಡಿತ ತಪ್ಪುವುದಕ್ಕೆ ತಗೊಂಡ ಸರಾಸರಿ ಸಮಯ 178 ಸೆಕೆಂಡ್. ಮೂರು ನಿಮಿಷವೂ ಇಲ್ಲ. ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇದ್ದ ಮಾತ್ರಕ್ಕೆ ಈ ಸಮಯ ಎರಡರಷ್ಟು ಆಗುವುದಿಲ್ಲ. ಆತನಿಗೂ ಇನ್‌ಸ್ಟ್ರುಮೆಂಟ್ ರೇಟಿಂಗ್ ಇಲ್ಲದಿದ್ದರೆ ಮೋಡದೊಳಗೆ ಇಬ್ಬರಿಗೂ ಒಂದೇ ಗತಿ. ಹಾಗಾಗಿ ಹೊರಡುವ ಮೊದಲೇ ಮೂರು ವಿಷಯ ನಿಗದಿ ಮಾಡಿ: ಮೋಡ ಎಷ್ಟು ಕೆಳಗೆ ಬಂದರೆ ವಾಪಸ್, ಎಲ್ಲಿಂದ ವಾಪಸ್, ಎಷ್ಟು ಗಂಟೆಯೊಳಗೆ ವಾಪಸ್. ಒಬ್ಬರು ಬೇಡ ಅಂದರೆ ಬೇಡ. ಮತ ಹಾಕುವುದು ಬೇಡ, ಒತ್ತಾಯವೂ ಬೇಡ, ಯಾಕೆ ಅಂತ ಕೇಳುವುದೂ ಬೇಡ.

ಖರ್ಚಿನ ಪ್ರಶ್ನೆ. ಬಹಳಷ್ಟು ದೇಶಗಳಲ್ಲಿ ಪ್ರೈವೇಟ್ ಪೈಲಟ್ ಒಟ್ಟಿಗೆ ಹಾರುವವರ ಜೊತೆ ನೇರ ಖರ್ಚು, ಅಂದರೆ ಇಂಧನ, ಬಾಡಿಗೆ, ಲ್ಯಾಂಡಿಂಗ್ ಫೀ, ಹಂಚಿಕೊಳ್ಳಬಹುದು. ನಿಮ್ಮ ಪಾಲನ್ನು ನೀವು ಕೊಡಲೇಬೇಕು, ಒಂದು ಪೈಸೆಯೂ ಲಾಭ ಇರಬಾರದು. ವಿವರಗಳು ಒಂದೊಂದು ಕಡೆ ಒಂದೊಂದು ಥರ, ನಿಮಗೆ ಲೈಸೆನ್ಸ್ ಕೊಟ್ಟವರ ನಿಯಮ ಓದಿಕೊಳ್ಳಿ. ವಿಮೆಯ ಕಾಗದದಲ್ಲಿ ಯಾರ ಹೆಸರಿದೆ ಅಂತಲೂ ನೋಡಿ. ಹಾಗೇ ಪಕ್ಕದಲ್ಲಿ ಕೂತ ಪೈಲಟ್ ಕಾನೂನಿನ ಲೆಕ್ಕದಲ್ಲಿ ಸಾಮಾನ್ಯವಾಗಿ ಪ್ಯಾಸೆಂಜರೇ. ಪ್ಯಾಸೆಂಜರ್ ಕೂರಿಸಿಕೊಳ್ಳಲು ಹಿಂದಿನ 90 ದಿನಗಳಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್ ಆಗಿರಬೇಕು ಅನ್ನುವ ನಿಯಮ ಹಲವು ಕಡೆ ಇದೆ. ಗೆಳೆಯರೂ ಪೈಲಟ್ ಅಂತ ಅದರಿಂದ ವಿನಾಯಿತಿ ಇಲ್ಲ.

ಮುಂದಿನ ಸಲ ಹೀಗೆ ಮಾಡಿ ನೋಡಿ. ಒಂದು ಗಂಟೆಯೊಳಗೆ ತಲುಪುವ ಏರ್‌ಫೀಲ್ಡ್ ಆರಿಸಿ. ಹೋಗುವಾಗ ಅವರು ಪಿಐಸಿ, ಬರುವಾಗ ನೀವು. ಸೀಟು ಬದಲಾಯಿಸುವುದು ಅಲ್ಲಿ ಇಳಿದು, ಎಂಜಿನ್ ಆಫ್ ಮಾಡಿದ ಮೇಲೆ. ಹೊಸ ಪಿಐಸಿ ಹೊಸದಾಗಿ ಪ್ರೀಫ್ಲೈಟ್ ಮಾಡಬೇಕು. ಅದೇ ವಿಮಾನ ಈಗ ತಾನೇ ಹಾರಿ ಬಂದಿದ್ದರೂ ಡಿಪ್‌ಸ್ಟಿಕ್ ಮತ್ತೆ ಇಳಿಸಬೇಕು. ವಾಪಸ್ ಬಂದು ವಿಮಾನ ಕಟ್ಟಿದ ಮೇಲೆ ಐದು ನಿಮಿಷ ರೆಕ್ಕೆಯ ಕೆಳಗೆ ನಿಂತು ಒಬ್ಬರಿಗೊಬ್ಬರು ಎರಡು ವಿಷಯ ಹೇಳಿಕೊಳ್ಳಿ: ನಿನ್ನಿಂದ ನಾನು ಇವತ್ತು ಎತ್ತಿಕೊಂಡದ್ದು ಇದು, ನಾನಾಗಿದ್ದರೆ ಬೇರೆ ಥರ ಮಾಡುತ್ತಿದ್ದದ್ದು ಇದು. ಲಾಗ್‌ಬುಕ್‌ನಲ್ಲಿ ನೀವು ಪಿಐಸಿ ಆಗಿದ್ದ ಲೆಗ್ ಮಾತ್ರ ಬರೆಯಿರಿ. ಇನ್ನೊಂದು ಲೆಗ್‌ನಲ್ಲಿ ಕಂಡದ್ದಕ್ಕೆ ಬೇರೆ ನೋಟ್‌ಬುಕ್ ಇಟ್ಟುಕೊಳ್ಳಿ, ಯಾಕೆಂದರೆ ನೋಡುವುದಕ್ಕೆ ಪುರುಸೊತ್ತು ಇದ್ದದ್ದು ಆ ಲೆಗ್‌ನಲ್ಲೇ.